ಬ್ಯಾಟರಿ ಬೇಡದ ಫಿಲ್ಮ್ ಕ್ಯಾಮೆರಾವೇ ಉತ್ತಮವೇ? ನಿಕಾನ್ ಎಫ್‌ಎಂ2 ಮತ್ತು ಎಫ್‌ಇ2 ಹೋಲಿಕೆ

ಹಳೆಯ ಫಿಲ್ಮ್ ಎಸ್‌ಎಲ್‌ಆರ್ ಕೊಳ್ಳಲು ಹೊರಟವರಿಗೆ ನಿಕಾನ್ ಎಫ್‌ಎಂ2 (1982) ಮತ್ತು ಎಫ್‌ಇ2 (1983) ಅವಳಿಗಳಂತೆ ಕಾಣುತ್ತವೆ. ಎರಡರ ಗರಿಷ್ಠ ಶಟರ್ ವೇಗವೂ 1/4000 ಸೆಕೆಂಡ್. ಎರಡಕ್ಕೂ ಅದೇ ಎಐ ಲೆನ್ಸ್‌ಗಳು ಹೊಂದುತ್ತವೆ. ಹಾಗಾದರೆ ವ್ಯತ್ಯಾಸವೇನು?

ಶಟರನ್ನು ನಿಯಂತ್ರಿಸುವ ವಿಧಾನ. ಎಫ್‌ಎಂ2ನಲ್ಲಿ ಆ ಕೆಲಸ ಸ್ಪ್ರಿಂಗ್ ಮತ್ತು ಗೇರ್‌ಗಳದ್ದು. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ. ಎಫ್‌ಇ2ನಲ್ಲಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇದೆ. ನೀವು ಅಪರ್ಚರ್ ಆರಿಸಿದರೆ ಸಾಕು, ಶಟರ್ ವೇಗವನ್ನು ಅದೇ ನಿರ್ಧರಿಸುತ್ತದೆ. ಆದರೆ ಬ್ಯಾಟರಿ ಖಾಲಿಯಾದರೆ 1/250 ಸೆಕೆಂಡ್ ಮತ್ತು ಬಲ್ಬ್ ಮಾತ್ರ ಉಳಿಯುತ್ತವೆ.

ಆದ್ದರಿಂದ ‘ಬ್ಯಾಟರಿ ಬೇಡದ್ದೇ ಉತ್ತಮ’ ಎಂಬುದು ಅರ್ಧ ಸತ್ಯ. ದಶಕಗಳ ನಂತರ ಗ್ರೀಸ್ ಗಟ್ಟಿಯಾದರೆ ಯಾಂತ್ರಿಕ ಶಟರ್‌ನ ವೇಗವೂ ತಪ್ಪುತ್ತದೆ. ಸರ್ಕ್ಯೂಟ್ ಕೆಟ್ಟರೆ ರಿಪೇರಿ ಕಷ್ಟ. ಶಟರ್ ಸರಿಯಿದ್ದರೆ, ಒಂದೇ ಲೆನ್ಸ್, ಒಂದೇ ಫಿಲ್ಮ್, ಒಂದೇ ಎಕ್ಸ್‌ಪೋಶರ್‌ನಲ್ಲಿ ಎರಡೂ ಕ್ಯಾಮೆರಾಗಳ ಚಿತ್ರ ಒಂದೇ ರೀತಿ ಬರುತ್ತದೆ.

ಬ್ಯಾಟರಿ ಬೇಗ ಸೋಲುವ ಚಳಿ ಪ್ರದೇಶಕ್ಕೆ ಎಫ್‌ಎಂ2 ಸೂಕ್ತ. ಕ್ಷಣಕ್ಷಣಕ್ಕೂ ಬದಲಾಗುವ ಬೆಳಕಿಗೆ ಎಫ್‌ಇ2 ಅನುಕೂಲ. ಹಣ ಕೊಡುವ ಮುನ್ನ ಹೊಸ ಬ್ಯಾಟರಿ ಹಾಕಿ, ಫಿಲ್ಮ್ ಇಲ್ಲದಾಗ ಹಿಂಬಾಗಿಲು ಮುಚ್ಚಿ, ಫ್ರೇಮ್ ಕೌಂಟರ್ 1 ತಲುಪಿದ ನಂತರ ಪ್ರತಿ ವೇಗದಲ್ಲೂ ಶಟರ್ ಒತ್ತಿ ನೋಡಿ. ಶಟರ್‌ನ ತೆಳುವಾದ ಪಟ್ಟಿಗಳನ್ನು ಮಾತ್ರ ಬೆರಳಿನಿಂದ ಮುಟ್ಟಬೇಡಿ.