ಆಟ ಕಟ್ಟಿದವರ ಹೆಸರು

ಸಂಡೂರು ತಾಲ್ಲೂಕಿನ ದಕ್ಷಿಣದಲ್ಲಿ ಚೋರನೂರು ಹೋಬಳಿ, ಉತ್ತರದಲ್ಲಿ ತೋರಣಗಲ್ಲು ಹೋಬಳಿ, ನಡುವೆ ಕಬ್ಬಿಣದ ಅದಿರಿನ ಗುಡ್ಡಗಳು. ಈ ಸೀಮೆಯಲ್ಲಿ ನೌಕರಿಯ ಮಾತು ಬಂದರೆ ಗಣಿ, ಲಾರಿ, ಉಕ್ಕಿನ ಕಾರ್ಖಾನೆ ಇಷ್ಟೇ ಮೊದಲು ನೆನಪಾಗುವುದು. ವಿಡಿಯೊ ಗೇಮ್‌ಗೆ ಚಿತ್ರ ಬರೆದು, ಗೊಂಬೆ ಕುಣಿಸಿ, ನಿಯಮ ಹೊಸೆದು ಬದುಕಬಹುದು ಎಂಬ ಮಾತು ಇಲ್ಲಿ ಇನ್ನೂ ಬೆಂಗಳೂರಿನ ಮಾತಾಗಿಯೇ ಕೇಳಿಸುತ್ತದೆ. ಆದರೆ ಆ ಕಸುಬಿನ ಒಂದು ಮುಖ್ಯ ಮಾದರಿ ಇದೇ ತಾಲ್ಲೂಕಿನಲ್ಲಿದೆ. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ವಿದ್ಯಾನಗರದಲ್ಲಿ 2012ರಲ್ಲಿ ಆರಂಭವಾದ ಕಲಾಧಾಮ ಎಂಬ ವಸ್ತುಸಂಗ್ರಹಾಲಯ ಹಂಪಿಯನ್ನು ಮೂರು ಆಯಾಮದಲ್ಲಿ ತೋರಿಸುತ್ತದೆ.

ಕಲಾಧಾಮದ ಮೂಲ ‘ಪ್ಲೇಸ್-ಹಂಪಿ’ ಎಂಬ ಕಲಾಕೃತಿ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ರೂಪಿಸಿದ ಇದು 2006ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಮೊದಲು ಪ್ರದರ್ಶನಗೊಂಡಿತು. ಹಂಪಿಯ ವಿಶಾಲ ಛಾಯಾಚಿತ್ರಗಳನ್ನು ದುಂಡನೆಯ ಪರದೆಯ ಮೇಲೆ ಮೂಡಿಸಿ, ನಡುವಿನ ವೇದಿಕೆಯನ್ನು ನೋಡುಗರೇ ತಿರುಗಿಸಿಕೊಂಡು ಯಾವ ಕಡೆಗೆ ಹೋಗಬೇಕೆಂದು ಆರಿಸಿಕೊಳ್ಳುವ ಏರ್ಪಾಡು ಅದರಲ್ಲಿತ್ತು. ಬಂಡೆಗಳ ನಡುವೆ ದೇವತೆಗಳು ಎದ್ದು ಬಂದು ಚಲಿಸುತ್ತಿದ್ದರು. ಸಂಗೀತ ಎಲ್. ಸುಬ್ರಮಣ್ಯಂ ಅವರದು. ಆ ದೇವತೆಗಳಿಗೆ ಜೀವ ಕೊಟ್ಟದ್ದು ಬೆಂಗಳೂರಿನ ಪಾಪ್ರಿಕಾಸ್ ಎಂಬ ಅನಿಮೇಷನ್ ಸ್ಟುಡಿಯೊದ ಕಲಾವಿದರು. ನೋಡುವವನ ಕೈಗೇ ಚುಕ್ಕಾಣಿ ಕೊಟ್ಟು, ಅವನು ಹೋದ ದಿಕ್ಕಿಗೆಲ್ಲ ಲೋಕವನ್ನು ಸಜ್ಜುಮಾಡಿಡುವುದೇ ವಿಡಿಯೊ ಗೇಮ್‌ನ ಮೂಲ ವಿದ್ಯೆ. ಅಂಕ, ಗೆಲುವು, ಸೋಲು ಇಲ್ಲದಿದ್ದರೂ ‘ಪ್ಲೇಸ್-ಹಂಪಿ’ ಆ ವಿದ್ಯೆಗೆ ಸೇರಿದ್ದು.

ಈ ಸೀಮೆಯಲ್ಲಿ ಆಟ ಕಟ್ಟುವ ವಿದ್ಯೆಗೆ ಕಂಪ್ಯೂಟರಿಗಿಂತ ಬಹಳ ಹಳೆಯ ಚರಿತ್ರೆಯಿದೆ. ಹಂಪಿಯ ಮಂಟಪಗಳಲ್ಲಿ ತಲೆಯೆತ್ತಿ ಕಂಬಗಳನ್ನು ನೋಡುವವರೇ ಹೆಚ್ಚು. ಬಗ್ಗಿ ಹಾಸುಗಲ್ಲು ನೋಡಿದರೆ ಅಲ್ಲಲ್ಲಿ ಗೆರೆ, ಚೌಕ, ಗುಳಿಗಳು ಕಾಣುತ್ತವೆ. ಹುಲಿ-ಆಡು, ನವಕಂಕರಿ, ಚೌಕಾಬಾರ, ಅಳಗುಳಿಮಣೆ ಆಡಲೆಂದು ಯಾರೋ ಉಳಿಯಿಂದ ಕೆತ್ತಿಕೊಂಡ ಮನೆಗಳವು. ಕಂಬದ ಶಿಲ್ಪ ಕೆತ್ತಿದವನೇ ಬಿಡುವಿನಲ್ಲಿ ಕೆತ್ತಿದನೋ, ಜಾತ್ರೆಗೆ ಬಂದವನು ಗೀಚಿದನೋ, ನೆರಳಿಗೆ ಕೂತ ಕಾವಲುಗಾರನ ಕೈಯ ಕೆಲಸವೋ, ಕಲ್ಲು ಹೇಳುವುದಿಲ್ಲ.

ಹುಲಿ-ಆಡು ಆಟವನ್ನು ಕೊಂಚ ನಿಧಾನವಾಗಿ ನೋಡಬೇಕು. ಒಬ್ಬನ ಕೈಯಲ್ಲಿ ಮೂರು ಹುಲಿ, ಇನ್ನೊಬ್ಬನ ಕೈಯಲ್ಲಿ ಹದಿನೈದು ಆಡು. ಹುಲಿ ಹಾರಿ ಆಡನ್ನು ತಿನ್ನುತ್ತದೆ. ಆಡು ಯಾರನ್ನೂ ಕೊಲ್ಲಲಾರದು, ಸುತ್ತುಗಟ್ಟಿ ಹುಲಿ ಅಲುಗದಂತೆ ಮಾಡಬಲ್ಲದು, ಅಷ್ಟೆ. ಎರಡು ಪಕ್ಷಗಳ ಬಲ, ಚಲನೆ, ಗುರಿ ಮೂರೂ ಬೇರೆ, ಆದರೂ ಪಂದ್ಯ ಯಾರ ಕಡೆಗಾದರೂ ವಾಲಬಹುದು. ಹೀಗೆ ಅಸಮಾನ ಪಕ್ಷಗಳನ್ನು ಸಮ ತೂಕಕ್ಕೆ ತರುವುದಕ್ಕೆ ಇಂದಿನ ಸ್ಟುಡಿಯೊಗಳಲ್ಲಿ ಬ್ಯಾಲೆನ್ಸಿಂಗ್ ಎನ್ನುತ್ತಾರೆ, ಅದಕ್ಕೆಂದೇ ಡಿಸೈನರುಗಳನ್ನು ಇಟ್ಟುಕೊಳ್ಳುತ್ತಾರೆ. ಚೌಕಾಬಾರದಲ್ಲೂ ಇಂಥ ಜಾಣ್ಮೆಯಿದೆ. ಇಪ್ಪತ್ತೈದು ಮನೆ, ನಾಲ್ಕು ಕವಡೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ, ಒಳಗೆ ಹೋಗದೆ ಕಾಯಿ ಹಣ್ಣಾಗುವುದಿಲ್ಲ. ಗಟ್ಟಿಮನೆಯಲ್ಲಿ ಸುಮ್ಮನೆ ಕೂತು ಗೆಲ್ಲುವ ಅಂಜುಬುರುಕನನ್ನು ಈ ಒಂದೇ ನಿಯಮ ಬಯಲಿಗೆ ಎಳೆದು ತರುತ್ತದೆ. ಅದನ್ನು ಸೇರಿಸಿದವರಿಗೆ ಮನುಷ್ಯ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಅವರ ಹೆಸರು ಮಾತ್ರ ನಮಗೆ ಗೊತ್ತಿಲ್ಲ.

ಆಟ ಕಟ್ಟುವ ಕಸುಬಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೇ ಇದು. ಆಟ ಉಳಿಯುತ್ತದೆ, ಆಡಿಸಿದ ದೊರೆಯ ಹೆಸರೂ ಉಳಿಯುತ್ತದೆ, ಕಟ್ಟಿದವರ ಹೆಸರು ಅಳಿಸಿಹೋಗುತ್ತದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಚದುರಂಗ, ಪಗಡೆ, ಕವಡೆಯಾಟಗಳ ವಿವರವಿದೆ. ಅರಮನೆಯಲ್ಲಿ ಆಟಕ್ಕೆ ಎಂಥ ಮರ್ಯಾದೆಯಿತ್ತೆಂದು ಅದರಿಂದ ತಿಳಿಯುತ್ತದೆ, ಆದರೆ ಹಾಸು ಹೊಲಿದವರು, ದಾಳ ಕೊರೆದವರು ಯಾರೆಂದು ತಿಳಿಯುವುದಿಲ್ಲ. ಕನ್ನಡ ನಾಡಿನಲ್ಲಿ ತನ್ನ ಹೆಸರು ಹಾಕಿ ಆಟ ರಚಿಸಿದವರಲ್ಲಿ ಎದ್ದು ಕಾಣುವವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಆಡಳಿತ ಬ್ರಿಟಿಷರ ಕೈಗೆ ಹೋದ ದೀರ್ಘ ಕಾಲದಲ್ಲಿ ಅವರು ತಮ್ಮ ಬುದ್ಧಿಯನ್ನು ಗ್ರಂಥ, ಚಿತ್ರ, ಆಟಗಳಿಗೆ ಹರಿಸಿದರು. ಚದುರಂಗದ ಕುದುರೆ ಒಂದೇ ಮನೆಯನ್ನು ಎರಡು ಸಲ ತುಳಿಯದೆ ಇಡೀ ಹಾಸನ್ನು ಸುತ್ತಿ ಬರುವ ಸಮಸ್ಯೆಗೆ ಪರಿಹಾರಗಳನ್ನು ಕಂಡರು. ಗಂಜೀಫಾ ಎಂಬ ಚಿತ್ರದ ಇಸ್ಪೀಟೆಲೆಗಳ ಹೊಸ ಆಟಗಳನ್ನು ಕಟ್ಟಿದರು. ಅವರ ‘ಚಾಮುಂಡೇಶ್ವರಿ ಛದ’ ಎಂಬ ಆಟದಲ್ಲಿ 320 ಎಲೆಗಳಿದ್ದವು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗ ಆಟಗಳಿಗೇ ಮೀಸಲು. ಆದರೆ ಆ ಪುಟ್ಟ ಎಲೆಗಳ ಮೇಲೆ ಕೂದಲೆಳೆಯ ಕುಂಚದಿಂದ ದೇವರನ್ನು ಬರೆದ ಚಿತ್ರಗಾರರ ಹೆಸರು ರಾಜನ ಹೆಸರಿನಷ್ಟು ದೂರ ಬರಲಿಲ್ಲ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಇಂಥ ಹಳೆಯ ಹಾಸುಗಳನ್ನು ಕುಶಲಕರ್ಮಿಗಳಿಂದ ಮತ್ತೆ ಮಾಡಿಸಿ ಆಡಿಸುತ್ತಿರುವುದು ದೊಡ್ಡ ಕೆಲಸ.

ಪಗಡೆಯ ಗತಿ ಇನ್ನೂ ವಿಚಿತ್ರ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಇಂಗ್ಲೆಂಡಿನಲ್ಲಿ ಸರಳಗೊಂಡು, ಲೂಡೊ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದು ಮಾರಾಟಕ್ಕೆ ಬಂತು. 2016ರಲ್ಲಿ ನವಿ ಮುಂಬೈಯ ಗೇಮೆಶನ್ ಕಂಪನಿ ಅದನ್ನೇ ‘ಲೂಡೊ ಕಿಂಗ್’ ಎಂದು ಮೊಬೈಲಿಗೆ ತಂದಿತು. 2020ರ ಲಾಕ್‌ಡೌನ್‌ನಲ್ಲಿ ಹಳ್ಳಿ, ಪಟ್ಟಣ ಎನ್ನದೆ ಅದನ್ನು ಆಡಿದರು.

ಹೆಸರಿನ ಜಗಳ ವಿಡಿಯೊ ಗೇಮ್ ಉದ್ಯಮದ ಹುಟ್ಟಿನಲ್ಲೇ ಇದೆ. 1970ರ ದಶಕದಲ್ಲಿ ಅಮೆರಿಕದ ಅಟಾರಿ ಕಂಪನಿ ಮನೆಯಲ್ಲಿ ಆಡುವ ಗೇಮ್ ಯಂತ್ರಕ್ಕೆ ಮಾಡಿದ ಆಟಗಳ ಮೇಲೆ ಪ್ರೋಗ್ರಾಮರ್‌ಗಳ ಹೆಸರು ಹಾಕುತ್ತಿರಲಿಲ್ಲ. ಒಂದು ಆಟವನ್ನು ಆಗ ಬಹುಪಾಲು ಒಬ್ಬನೇ ಕಟ್ಟುತ್ತಿದ್ದ, ಚಿತ್ರ, ಸದ್ದು, ನಿಯಮ ಎಲ್ಲ ಅವನದೇ. ವಾರೆನ್ ರಾಬಿನೆಟ್ ತನ್ನ ‘ಅಡ್ವೆಂಚರ್’ ಆಟದೊಳಗೆ ಒಂದು ಗುಪ್ತ ಕೋಣೆ ಮಾಡಿ ತನ್ನ ಹೆಸರನ್ನು ಅಲ್ಲಿ ಬಚ್ಚಿಟ್ಟ, ಯಾರಿಗೂ ಹೇಳದೆ ಕಂಪನಿ ಬಿಟ್ಟ. ಆಟ ಮಾರುಕಟ್ಟೆಗೆ ಬಂದ ಮೇಲೆ ಒಬ್ಬ ಹುಡುಗ ಅದನ್ನು ಪತ್ತೆಹಚ್ಚಿ ಕಂಪನಿಗೆ ಕಾಗದ ಬರೆದ. ಅದೇ ಅಟಾರಿಯಿಂದ ಹೊರಬಂದ ನಾಲ್ವರು ಪ್ರೋಗ್ರಾಮರ್‌ಗಳು 1979ರಲ್ಲಿ ಆಕ್ಟಿವಿಷನ್ ಕಂಪನಿಯ ಸ್ಥಾಪನೆಯಲ್ಲಿ ಜೊತೆಗೂಡಿದರು, ಆಟದ ಜೊತೆ ಅದನ್ನು ಮಾಡಿದವರ ಹೆಸರನ್ನೂ ಅಚ್ಚುಹಾಕಿಸಿದರು. ದುಡ್ಡಿನ ಪ್ರಶ್ನೆಯೂ ಅಲ್ಲಿತ್ತು. ಹೆಸರಿಲ್ಲದವನಿಗೆ ಪಾಲು ಕೇಳುವ ಬಾಯಿ ಇರುವುದಿಲ್ಲವಲ್ಲ.

ಕರ್ನಾಟಕದಲ್ಲಿ ಈ ಉದ್ಯಮದ ಮೊದಲ ಅಧ್ಯಾಯ ಧ್ರುವ ಇಂಟರ‍್ಯಾಕ್ಟಿವ್‌ನದು. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಅದನ್ನು ಆರಂಭಿಸಿದಾಗ ದೇಶದಲ್ಲಿ ಗೇಮ್ ಉದ್ಯಮ ಎಂಬುದೇ ಇರಲಿಲ್ಲ ಎನ್ನಬಹುದು. ಕಲಿಸುವ ಶಾಲೆಯಿಲ್ಲ, ಕಲಿತವರಿಲ್ಲ, ಆಟ ಕೊಳ್ಳುವ ಮಾರುಕಟ್ಟೆಯಿಲ್ಲ. ಚಿತ್ರಕಲೆ ಬಲ್ಲವರನ್ನು, ಪ್ರೋಗ್ರಾಮಿಂಗ್ ಬಲ್ಲವರನ್ನು ಕರೆತಂದು ಕೆಲಸದಲ್ಲೇ ಕಲಿಸಬೇಕಿತ್ತು. ದಾರಿ ಸಿಕ್ಕಿದ್ದು ಹೊರದೇಶದ ಕಂಪನಿಗಳ ಆಟಗಳಿಗೆ ಬಿಡಿಭಾಗ ಮಾಡಿಕೊಡುವುದರಲ್ಲಿ. ಫ್ರಾನ್ಸಿನ ಇನ್ಫೋಗ್ರೇಮ್ಸ್‌ಗೆ ಕೆಲಸ ಮಾಡಿಕೊಟ್ಟರು, ಮುಂದೆ ಮೈಕ್ರೋಸಾಫ್ಟಿನ ‘ಫೋರ್ಜಾ’ ಸರಣಿಗೆ ಕಾರುಗಳನ್ನು ಮಾಡಿಕೊಟ್ಟರು. 2005ರಲ್ಲಿ ಬಂದ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಪುಸ್ತಕದಲ್ಲಿ ಥಾಮಸ್ ಫ್ರೀಡ್‌ಮನ್ ಈ ಪುಟ್ಟ ಕಂಪನಿಯ ಕಥೆ ಹೇಳಿದ್ದಾನೆ. ಮೊಬೈಲ್ ಆಟಗಳಲ್ಲಿ ಚಾರ್ಲಿ ಚಾಪ್ಲಿನ್‌ನ ರೂಪ ಬಳಸುವ ಹಕ್ಕನ್ನು ಧ್ರುವ ಕೊಂಡ ಸಂಗತಿಯೂ ಅಲ್ಲಿದೆ. ಪರರ ಆಟಕ್ಕೆ ದುಡಿಯುತ್ತಲೇ ಸ್ವಂತದ್ದೊಂದನ್ನು ಕಟ್ಟಬೇಕೆಂಬ ಹಂಬಲ ಆಗಲೇ ಇತ್ತು.

ಹೊರಗುತ್ತಿಗೆಯ ಕೆಲಸವನ್ನು ಕೀಳಾಗಿ ಕಾಣುವವರಿದ್ದಾರೆ, ಅದು ಅನ್ಯಾಯ. ಕಾರಿನ ಒಂದು ಮಾದರಿ ಮಾಡುವವನು ಅದರ ಬಾಗಿಲಿನ ಬಾಗು, ಗಾಜಿನ ಮೇಲೆ ಬೀಳುವ ಬೆಳಕು, ಒಳಗಿನ ಸೀಟಿನ ಹೊಲಿಗೆ ಎಲ್ಲವನ್ನೂ ಕಣ್ಣಿಟ್ಟು ಕಟ್ಟಬೇಕು, ಅದು ಕಂಪ್ಯೂಟರಿಗೆ ಭಾರವಾಗದಂತೆಯೂ ಇರಬೇಕು. ಜಗತ್ತಿನ ದೊಡ್ಡ ಸ್ಟುಡಿಯೊಗಳು ಯಾವ ಕೆಲಸವನ್ನು ಒಪ್ಪುತ್ತವೆ, ಯಾವುದನ್ನು ಹಿಂದಕ್ಕೆ ಕಳಿಸುತ್ತವೆ ಎಂಬುದು ಬೆಂಗಳೂರಿನ ಒಂದು ಪೀಳಿಗೆಗೆ ಗೊತ್ತಾದದ್ದು ಹೀಗೆ.

2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಧ್ರುವದ ಬಹುಪಾಲು ಷೇರು ಕೊಂಡಿತು. ಆ ಕಂಪನಿ ತಾನೇ ಸಂಕಷ್ಟಕ್ಕೆ ಬಿದ್ದಾಗ, 2019ರಲ್ಲಿ, ಆ ಪಾಲನ್ನು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಿತು. ಧ್ರುವದ ಕಲಾವಿದರು ರಾಕ್‌ಸ್ಟಾರ್‌ನ ಬೆಂಗಳೂರು ಸ್ಟುಡಿಯೊಗೆ ಸೇರಿದರು. ಇಪ್ಪತ್ತೆರಡು ವರ್ಷ ಬಾಳಿದ ಹೆಸರೊಂದು ಅಲ್ಲಿಗೆ ಮುಗಿಯಿತು. ಹಂಪಿಯ ದೇವತೆಗಳಿಗೆ ಜೀವ ಕೊಟ್ಟ ಪಾಪ್ರಿಕಾಸ್‌ಗೂ ಹೀಗೆಯೇ ಆಯಿತು. ಅದು ಫ್ರಾನ್ಸಿನ ಟೆಕ್ನಿಕಲರ್ ಸಮೂಹದ ಕೈಸೇರಿತು, ಅನಿಮೇಷನ್ ಜೊತೆಗೆ ಗೇಮ್‌ಗಳ ಚಿತ್ರಕೆಲಸಕ್ಕೂ ಅಲ್ಲಿ ಬೆಂಗಳೂರಿನ ಕಲಾವಿದರು ದುಡಿದರು. 2025ರ ಆರಂಭದಲ್ಲಿ ಆ ಸಮೂಹವೇ ಕುಸಿದು ಭಾರತದ ಸ್ಟುಡಿಯೊಗಳೂ ಮುಚ್ಚಿದವು. ಹೀಗೆ ಬೀದಿಗೆ ಬಿದ್ದ ಕಲಾವಿದನ ಮುಂದಿನ ಅನ್ನ ನಿಂತಿರುವುದು ಹಿಂದೆ ಏನು ಮಾಡಿದ್ದಾನೆ ಎಂಬುದನ್ನು ತೋರಿಸಬಲ್ಲನೇ ಎಂಬುದರ ಮೇಲೆ. ಗೇಮ್‌ನ ಕೊನೆಯಲ್ಲಿ ಉರುಳುವ ಕ್ರೆಡಿಟ್ ಪಟ್ಟಿ ಬರೀ ಗೌರವದ ವಿಷಯವಲ್ಲ, ಅದು ಅವನ ಅನುಭವ ಪತ್ರ.

ಆ ಪತ್ರ ಎಲ್ಲರಿಗೂ ಸಿಗುವುದಿಲ್ಲ. 2018ರಲ್ಲಿ ಅದೇ ರಾಕ್‌ಸ್ಟಾರ್‌ನ ‘ರೆಡ್ ಡೆಡ್ ರಿಡೆಂಪ್ಶನ್ 2’ ಬಂದಾಗ, ವರ್ಷಗಟ್ಟಲೆ ದುಡಿದು ಬಿಡುಗಡೆಗೆ ಮುಂಚೆ ಕಂಪನಿ ಬಿಟ್ಟವರ ಹೆಸರು ಆಟದೊಳಗಿನ ಪಟ್ಟಿಯಲ್ಲಿರುವುದಿಲ್ಲ ಎಂಬ ಸುದ್ದಿ ಚರ್ಚೆಯಾಯಿತು. ಆಮೇಲೆ ಅವರ ಹೆಸರುಗಳನ್ನು ಕಂಪನಿಯ ಜಾಲತಾಣದ ಕೃತಜ್ಞತೆಯ ಪುಟದಲ್ಲಿ ಸೇರಿಸಲಾಯಿತು. ಗೇಮ್ ತಯಾರಕರ ಅಂತರರಾಷ್ಟ್ರೀಯ ಸಂಘ ಐಜಿಡಿಎ ಕ್ರೆಡಿಟ್ ಹೇಗೆ ಕೊಡಬೇಕೆಂದು ಮಾರ್ಗಸೂಚಿ ಬರೆದಿದೆ, ಅದನ್ನು ಪಾಲಿಸಬೇಕೆಂಬ ಕಟ್ಟಳೆ ಯಾರಿಗೂ ಇಲ್ಲ.

ಇಲ್ಲಿ ಹೊಯ್ಸಳರ ಮಾತು ಬರಲೇಬೇಕು. 2017ರಲ್ಲಿ ಅಮೆರಿಕದ ನಾಟಿ ಡಾಗ್ ಸ್ಟುಡಿಯೊ ತಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಆಟ ನಡೆಯುವುದು ಪಶ್ಚಿಮ ಘಟ್ಟದಲ್ಲಿ. ಕ್ಲೋಯಿ ಎಂಬ ನಾಯಕಿ ಗಣೇಶನ ದಂತವನ್ನು ಹುಡುಕುತ್ತ ಹೊಯ್ಸಳರ ಕಾಲ್ಪನಿಕ ನಗರಗಳನ್ನು ಹೊಗುತ್ತಾಳೆ, ಹಳೇಬೀಡಿನ ಹೆಸರೂ ಅದರಲ್ಲಿ ಬರುತ್ತದೆ. ಭೂಗೋಳ, ಇತಿಹಾಸ ಎರಡರಲ್ಲೂ ಅವರು ಸಲುಗೆ ತೆಗೆದುಕೊಂಡಿದ್ದಾರೆ. ಆದರೂ ಕನ್ನಡ ನಾಡಿನ ಕಲ್ಲಿನ ಕೆಲಸಕ್ಕೆ ಜಗತ್ತಿನ ಆಟಗಾರರ ಮುಂದೆ ಇಷ್ಟು ದೊಡ್ಡ ಅಂಗಳ ಸಿಕ್ಕಿದ್ದು ಅಪರೂಪ. ನಿಜವಾದ ಹೊಯ್ಸಳ ಶಿಲ್ಪಿಗಳ ಒಂದು ರೂಢಿಯಂತೂ ಈ ಉದ್ಯಮಕ್ಕೆ ಪಾಠವಾಗಬೇಕು. ಅವರು ತಮ್ಮ ವಿಗ್ರಹದ ಕೆಳಗೆ ಹೆಸರು ಕೊರೆದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮುಂದೆ ಸೋಮನಾಥಪುರದಲ್ಲಿ ಮಲ್ಲಿತಮ್ಮ, ಹೀಗೆ ಶತಮಾನಗಳ ಮೇಲೂ ಅವರ ಕೈಕೆಲಸ ಗುರುತಿಸಬಹುದು. ಬೇಲೂರಿನ ದೇವಾಲಯ ಕಟ್ಟಿಸಿದ್ದು ಹೊಯ್ಸಳ ದೊರೆ ವಿಷ್ಣುವರ್ಧನ ಎನ್ನುವಾಗ ಕೆತ್ತಿದವರಲ್ಲಿ ದಾಸೋಜನೂ ಒಬ್ಬ ಎನ್ನಲು ನಮಗೆ ಆಧಾರ ಸಿಕ್ಕಿದೆ.

ಈ ಪಾಠ ಕಲಿಸುವ ದಾರಿ ಸರ್ಕಾರಕ್ಕೂ ಇದೆ. ಅನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿಯನ್ನು ಕರ್ನಾಟಕ 2012ರಲ್ಲೇ ತಂದಿತು. 2021ರಲ್ಲಿ ಬೆಂಗಳೂರಿನಲ್ಲಿ ಇದಕ್ಕೆಂದು ಉತ್ಕೃಷ್ಟತಾ ಕೇಂದ್ರ ತೆರೆಯಿತು. ಈಗ ಜಾರಿಯಲ್ಲಿರುವುದು 2024ರಿಂದ 2029ರವರೆಗಿನ ನೀತಿ, 30,000 ಉದ್ಯೋಗ ಅದರ ಗುರಿ. ಆ ಉದ್ಯೋಗಗಳಲ್ಲಿ ಕೆಲವಾದರೂ ಚೋರನೂರು, ಕಂಪ್ಲಿ, ಹೊಸಪೇಟೆಯವರಿಗೆ ಸಿಗಬೇಕಾದರೆ ತರಬೇತಿ ಈ ಕಡೆಗೂ ಬರಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲೆಯ ಪಾಠವಿದೆ, ತೋರಣಗಲ್ಲಿನಲ್ಲಿ ಕಲಾಧಾಮವಿದೆ, ಮೂರು ಆಯಾಮದ ಚಿತ್ರ ಕಟ್ಟುವ ಬ್ಲೆಂಡರ್, ಆಟ ಕಟ್ಟುವ ಗೋಡೋ ಎಂಬ ತಂತ್ರಾಂಶಗಳು ಕಾಸಿಲ್ಲದೆ ಸಿಗುತ್ತವೆ. ಇವುಗಳನ್ನು ಒಂದುಗೂಡಿಸುವ ಕೆಲಸ ಸರ್ಕಾರದ್ದು. ಸ್ಟುಡಿಯೊಗಳಿಗೆ ಸಹಾಯಧನ ಕೊಡುವ ಅದೇ ಸರ್ಕಾರ ಇನ್ನೊಂದು ಷರತ್ತನ್ನೂ ಸೇರಿಸಲಿ: ರಾಜ್ಯದ ಹಣ ಪಡೆದ ಪ್ರತಿಯೊಂದು ಗುತ್ತಿಗೆಯಲ್ಲೂ ಕೆಲಸ ಮಾಡಿದ ಕಲಾವಿದರ, ಪ್ರೋಗ್ರಾಮರ್‌ಗಳ, ಪರೀಕ್ಷಕರ ಹೆಸರು ಆಟದೊಳಗೆ ಬರಬೇಕು, ನಡುವೆ ಬಿಟ್ಟುಹೋದವರದೂ ಸೇರಿ.