ಕಂದು ಸೀಸೆಯ ಪಾಠ

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಕೇಳುತ್ತಿದ್ದ: ‘ಸಿಲ್ವರ್ ನೈಟ್ರೇಟನ್ನು ಕಂದು ಸೀಸೆಯಲ್ಲೇ ಏಕಿಡುತ್ತಾರೆ ಸಾರ್?’ ಬೆಳಕು ಅದನ್ನು ಕೆಡಿಸುತ್ತದೆ ಎಂಬುದು ನನ್ನ ಉತ್ತರ. ಈ ಸರಳ ಸಂಗತಿ ತಿಳಿಯುವಷ್ಟರಲ್ಲಿ ವೈದ್ಯರ ವಿಶ್ವಾಸವನ್ನೇ ಕಳೆದುಕೊಂಡ ಔಷಧವೊಂದಿದೆ. ಅದು ಗಾಂಜಾ.

ಔಷಧಕ್ಕೂ ಆಯುಷ್ಯವುಂಟೆಂಬುದು ನಮ್ಮ ಹಿರಿಯರಿಗೆ ಹೊಸತಲ್ಲ. ಶಾರ್ಙ್ಗಧರ ಸಂಹಿತೆಯು ಒಣಗಿದ ಮೂಲಿಕೆ ಒಂದು ವರ್ಷದ ಬಳಿಕ ಗುಣಹೀನವಾಗುವುದೆಂದೂ, ಚೂರ್ಣವು ಎರಡೇ ತಿಂಗಳಲ್ಲಿ ವೀರ್ಯ ಕಳೆದುಕೊಳ್ಳುವುದೆಂದೂ ಹೇಳುತ್ತದೆ. ಭಂಗಿಯ ಪ್ರಸ್ತಾಪವೂ ಅದೇ ಗ್ರಂಥದಲ್ಲಿದೆ.

1839ರಲ್ಲಿ ಕಲ್ಕತ್ತಾ ವೈದ್ಯಕೀಯ ಕಾಲೇಜಿನ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಓಷಾನೆಸಿ, ಧನುರ್ವಾಯು, ಸಂಧಿವಾತ ಹಾಗೂ ಶಿಶುಗಳ ಸೆಳವುಗಳಿಗೆ ಗಾಂಜಾದ ಸತ್ವವನ್ನು ಬಳಸಿ ಫಲಿತಾಂಶಗಳನ್ನು ಪ್ರಕಟಿಸಿದರು. ಲಂಡನ್ನಿನ ಔಷಧ ತಯಾರಕರು ಅದರ ಅರ್ಕವನ್ನು ಮಾರತೊಡಗಿದರು. ಆದರೆ ಒಂದು ಸೀಸೆಯ ಹತ್ತು ಹನಿ ರೋಗಿಯನ್ನು ಮಂಕಾಗಿಸಿದರೆ, ಇನ್ನೊಂದು ಸೀಸೆಯ ಹತ್ತು ಹನಿ ಬರೀ ನೀರಿನಂತೆ! ಬೆಳೆ, ತಯಾರಿಕೆಗಳ ವ್ಯತ್ಯಾಸದ ಜೊತೆಗೆ ದೀರ್ಘ ದಾಸ್ತಾನೂ ಇದಕ್ಕೆ ಕಾರಣವಾಗಿತ್ತು. 1932ರಲ್ಲಿ ಬ್ರಿಟಿಷ್ ಫಾರ್ಮಕೋಪಿಯಾ ಅದನ್ನು ಕೈಬಿಟ್ಟಿತು.

ರಹಸ್ಯ ನಿಧಾನವಾಗಿ ಬಿಚ್ಚಿಕೊಂಡಿತು. 1896ರಲ್ಲಿ ಕೇಂಬ್ರಿಜ್‌ನ ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಎಂಬ ಮೂವರು ರಾಳದಿಂದ ಬೇರ್ಪಡಿಸಿದ ದ್ರವ್ಯಕ್ಕೆ ‘ಕ್ಯಾನಬಿನಾಲ್’ ಎಂದು ಹೆಸರಿಟ್ಟು, ಅದೇ ಮೂಲಸತ್ವವೆಂದು ಭಾವಿಸಿದರು. ನಿಜವಾದ ಮುಖ್ಯ ಸತ್ವ ಟಿಎಚ್‌ಸಿ. ಅದರ ರಚನೆಯನ್ನು 1964ರಲ್ಲಿ ಇಸ್ರೇಲಿನ ಗಾವೊನಿ ಮತ್ತು ಮೆಖೌಲಮ್ ಸ್ಪಷ್ಟಪಡಿಸಿದರು. ಗಾಳಿಯ ಆಮ್ಲಜನಕ, ಬೆಳಕು, ಶಾಖಗಳಿಂದ ಟಿಎಚ್‌ಸಿ ಹಾಳಾದಾಗ ಉಳಿಯುವ ದುರ್ಬಲ ದ್ರವ್ಯವೇ ಆ ಕ್ಯಾನಬಿನಾಲ್. ಮೊದಲ ಸಂಶೋಧಕರ ಕೈಗೆ ಸಿಕ್ಕಿದ್ದು ಸತ್ವವಲ್ಲ, ಸತ್ವದ ಬೂದಿ!

1976ರಲ್ಲಿ ಲಂಡನ್ನಿನ ಫೇರ್‌ಬೇರ್ನ್ ಮತ್ತು ಸಂಗಡಿಗರು, ಬೆಳಕೇ ಅತಿ ದೊಡ್ಡ ಶತ್ರುವೆಂದೂ, ಕತ್ತಲಲ್ಲಿಟ್ಟರೆ ಕೋಣೆಯ ಉಷ್ಣತೆಯಲ್ಲೇ ಒಂದೆರಡು ವರ್ಷ ಸಾಕಷ್ಟು ಸ್ಥಿರವಾಗಿರುವುದೆಂದೂ ತೋರಿಸಿದರು. ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಕೋಣೆಯ ಉಷ್ಣತೆಯಲ್ಲಿದ್ದ ದಾಸ್ತಾನು ಮೊದಲ ವರ್ಷ ಸುಮಾರು ಶೇ. 17ರಷ್ಟು, ನಾಲ್ಕು ವರ್ಷಗಳಲ್ಲಿ ಶೇ. 41ರಷ್ಟು ಟಿಎಚ್‌ಸಿ ಕಳೆದುಕೊಂಡಿತ್ತು.

ಆದ್ದರಿಂದಲೇ, ವೈದ್ಯರ ಚೀಟಿಯ ಮೇರೆಗೆ ಇದು ದೊರೆಯುವ ದೇಶಗಳಲ್ಲಿ, ಗಾಳಿಯಾಡದ, ಬೆಳಕು ತೂರದ ಡಬ್ಬಿಯಲ್ಲಿ, ತಂಪಾದೆಡೆ, ಮಕ್ಕಳ ಕೈಗೆಟುಕದಂತೆ ಬೀಗ ಹಾಕಿಡಬೇಕೆಂದು ಸೂಚಿಸುತ್ತಾರೆ. ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದು ಪ್ರಾಣಾಪಾಯ. ನಮ್ಮಲ್ಲಿ 1985ರ ಮಾದಕವಸ್ತು ಕಾಯಿದೆಯಂತೆ ಪರವಾನಗಿಯಿಲ್ಲದೆ ಗಾಂಜಾ ಇಟ್ಟುಕೊಳ್ಳುವುದು ಅಪರಾಧವೆಂಬುದನ್ನೂ ಮರೆಯಬಾರದು.

ಔಷಧ ಫಲಿಸದಾಗ ನಾವು ವೈದ್ಯನನ್ನು ದೂರುತ್ತೇವೆ, ಮೂಲಿಕೆಯನ್ನು ದೂರುತ್ತೇವೆ. ಅದನ್ನಿಟ್ಟ ಕಪಾಟಿನ ಕಡೆ ಕಣ್ಣು ಹಾಯಿಸುವವರು ಕಡಿಮೆ. ಇಂದು ಸಂಜೆ ತಮ್ಮ ಮನೆಯ ಔಷಧಗಳ ಡಬ್ಬಿಯನ್ನೊಮ್ಮೆ ತೆರೆದು ನೋಡುವಿರಾ?