ಅನುದಾನ ಪ್ರಸ್ತಾವನೆ ರಚನೆ (ಬೆಂಗಳೂರು)

ಒಂದು ಕೆಲಸದ ಉದ್ದೇಶ, ವಿಧಾನ, ಅವಧಿ, ಖರ್ಚುಗಳನ್ನು ವಿವರಿಸಿ ಸರ್ಕಾರ, ಪ್ರತಿಷ್ಠಾನ ಅಥವಾ ಕಂಪನಿಯಿಂದ ಹಣ ಕೋರುವ ಬರವಣಿಗೆ. ಬಳಕೆಯ ಮಾತಿನಲ್ಲಿ ‘ಪ್ರಪೋಸಲ್ ಬರೆಯುವುದು’. ಸಾಲದಂತೆ ಹಣ ಹಿಂದಿರುಗಿಸಬೇಕಿಲ್ಲ, ಆದರೆ ಲೆಕ್ಕ ಒಪ್ಪಿಸಬೇಕು.

ಬೆಂಗಳೂರಿನ ಮಟ್ಟಿಗೆ ಇದರ ಹಳೆಯ, ದೊಡ್ಡ ನಿದರ್ಶನ ಭಾರತೀಯ ವಿಜ್ಞಾನ ಸಂಸ್ಥೆಯದು. ಉದ್ಯಮಿ ಜೆಮ್‌ಶೆಟ್‌ಜಿ ಟಾಟಾ ಅದನ್ನು ಕಟ್ಟಲು ಸ್ವಂತ ಆಸ್ತಿ ಕೊಡಲು ಸಿದ್ಧರಿದ್ದರೂ ಸರ್ಕಾರದ ನೆರವೂ ಬೇಕಿತ್ತು. ಅವರ ಪರವಾಗಿ ಬುರ್ಜೋರ್ಜಿ ಪಾದಶಾ ಹೊರದೇಶಗಳ ವಿಶ್ವವಿದ್ಯಾಲಯಗಳನ್ನು ನೋಡಿಬಂದು ಕರಡು ಯೋಜನೆ ಬರೆದರು. 1898ರ ಕೊನೆಗೆ ಅದು ವೈಸರಾಯ್ ಆಗಿ ನೇಮಕಗೊಂಡಿದ್ದ ಕರ್ಜನ್‌ನ ಮುಂದೆ ಹೋಯಿತು. ವಿದ್ಯಾರ್ಥಿಗಳು ಬರುತ್ತಾರೆಯೇ, ಓದಿದವರಿಗೆ ಕೆಲಸ ಎಲ್ಲಿದೆ ಎಂದು ಅವನು ಕೇಳಿದ. ಇಂದಿನ ಅನುದಾನ ಸಮಿತಿಗಳು ಕೇಳುವುದೂ ಹೆಚ್ಚುಕಡಿಮೆ ಇದನ್ನೇ. 1900ರಲ್ಲಿ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ ಬಂದು ಪರಿಶೀಲಿಸಿ ಬೆಂಗಳೂರನ್ನು ಸೂಚಿಸಿದರು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. ಅಂತಿಮ ಆದೇಶ ಹೊರಟದ್ದು 1909ರಲ್ಲಿ. ಅಷ್ಟರಲ್ಲಿ ಟಾಟಾ ತೀರಿಕೊಂಡು ಐದು ವರ್ಷವಾಗಿತ್ತು.

ಕಾಲೇಜು ವಿದ್ಯಾರ್ಥಿಗಳಿಗೆ ಪ್ರಸ್ತಾವನೆ ಬರೆಯುವ ವಿದ್ಯೆಯನ್ನು ತಲುಪಿಸಿದ್ದು ಅದೇ ಸಂಸ್ಥೆಯ ಆವರಣದಲ್ಲಿ 1975ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ. ಅದರ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮ 1970ರ ದಶಕದ ಕೊನೆಗೆ ಶುರುವಾಗಿ 2024-25ರಲ್ಲಿ 48ನೆಯ ಸರಣಿ ಮುಟ್ಟಿತು. ನಗರದ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದವರಿಗೆ ಇದು ಪರಿಚಿತ. ಹಿನ್ನೆಲೆ, ಗುರಿ, ವಿಧಾನ, ನಿರೀಕ್ಷಿತ ಫಲ, ಅಂದಾಜು ವೆಚ್ಚ ಬರೆದು, ಮಾರ್ಗದರ್ಶಕರ ಮತ್ತು ಪ್ರಾಂಶುಪಾಲರ ಸಹಿಯೊಂದಿಗೆ ಕಳಿಸಬೇಕು. ಮೊತ್ತ ಕೆಲವೇ ಸಾವಿರ ರೂಪಾಯಿ. ನಡುವೆ ಪರಿಶೀಲನೆ, ಕೊನೆಗೆ ವರದಿ ಮತ್ತು ಹಣ ಬಳಕೆಯ ಪ್ರಮಾಣಪತ್ರ. ಚಿಕ್ಕ ಮೊತ್ತಕ್ಕೆ ಇಷ್ಟೊಂದು ಕಾಗದವೇ ಎಂದು ಗೊಣಗುವವರಿಗೂ ಇದಕ್ಕಿಂತ ಅಗ್ಗದ ತರಬೇತಿ ಸಿಗದು.

ಪ್ರಸ್ತಾವನೆ ಬರೆಯುವುದು ಉದ್ಯೋಗದ ಕೌಶಲವಾಗಿ ಬೆಳೆಯಲು 2013ರ ಕಂಪನಿ ಕಾಯ್ದೆ ನೆರವಾಯಿತು. ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕೆಂಬ ನಿಯಮ 2014ರ ಏಪ್ರಿಲ್‌ನಿಂದ ಜಾರಿಗೆ ಬಂತು. ಆ ಹಣ ಪಡೆಯಲು ಸ್ವಯಂಸೇವಾ ಸಂಸ್ಥೆಗಳು ಪ್ರಸ್ತಾವನೆ ಬರೆಯಬೇಕಾಯಿತು. ವಿದೇಶಿ ದೇಣಿಗೆಯ ಕಾಯ್ದೆ 2020ರಲ್ಲಿ ಬಿಗಿಯಾಗಿ, ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದ ಮೇಲಂತೂ ಸ್ವಯಂಸೇವಾ ಸಂಸ್ಥೆಗಳಿಗೆ ಬಜೆಟ್ ಪುಟ ಬರೆಯಬಲ್ಲವರ ಅಗತ್ಯ ಹೆಚ್ಚಿತು.

ನಮೂನೆಗಳು ಬಹುಪಾಲು ಇಂಗ್ಲಿಷಿನಲ್ಲೇ ಇರುವುದು ಕನ್ನಡ ಮಾಧ್ಯಮದವರಿಗೆ ನಿಜವಾದ ತೊಡಕು. ಆದರೆ 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಭಾರತೀಯ ಭಾಷೆಗಳಲ್ಲೂ ಪ್ರಸ್ತಾವನೆ ಸ್ವೀಕರಿಸುತ್ತದೆ. ಅದರ ‘ಕಲಿ-ಕಲಿಸು’ ಯೋಜನೆಯಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರು ಅನುದಾನ ಪಡೆದಿದ್ದಾರೆ.